ಬಿಲ್ ಆಗದ ಮೂರು ದಿನ

ಚಿಕ್ಕಮಗಳೂರಿನ ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ನಾನು ಮ್ಯಾನೇಜರ್. ಎದುರಿಗೇ ಒಬ್ಬ ಶೆಟ್ಟರ ಹಳೇ ದಿನಸಿ ಅಂಗಡಿ ಇದೆ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿಯುವ ತನಕ ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಆ ವಾರ ಮೂಡಿಗೆರೆ ಕಡೆ ಗುಡ್ಡ ಕುಸಿದಿತ್ತು. ಚಾರ್ಮಾಡಿ ಘಾಟಿ ಬಂದ್. ನಮ್ಮ ಬೀದಿಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಜನರೇಟರ್ ಇದ್ದದ್ದರಿಂದ ನಮ್ಮಲ್ಲಿ ಲೈಟ್ ಉರಿಯುತ್ತಿತ್ತು, ರ‍್ಯಾಕ್ ತುಂಬ ಸಾಮಾನಿತ್ತು. ಆದರೆ ಬಿಲ್ಲಿಂಗ್ ಮೆಷಿನ್ ಬೆಂಗಳೂರಿನ ಸರ್ವರ್‌ಗೆ ಸೇರದಿದ್ದರೆ ಒಂದು ಬೆಂಕಿಪೊಟ್ಟಣವನ್ನೂ ಮಾರುವ ಹಾಗಿಲ್ಲ. ಮಗುವಿಗೆ ಹಾಲಿನ ಪುಡಿ ಕೇಳಿಕೊಂಡು ಒಬ್ಬರು ತಾಯಿ ನೆಂದುಕೊಂಡೇ ಬಂದರು. ಡಬ್ಬ ಕಣ್ಣೆದುರಿಗೇ ಇತ್ತು. "ಸಿಸ್ಟಮ್ ಇಲ್ಲಮ್ಮ" ಅಂತ ಕಳಿಸಿದೆ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಅವರು ಎದುರಂಗಡಿಗೆ ಹೋಗಿ ತಗೊಂಡರು. ಅಲ್ಲಿ ಮೇಣದಬತ್ತಿ, ತಕ್ಕಡಿ, ಉದ್ದನೆಯ ಒಂದು ಪುಸ್ತಕ. ಅಷ್ಟೇ.

ಸಂಜೆ ನಾನೂ ಹೋದೆ. ಆ ಪುಸ್ತಕದಲ್ಲಿ ಹೆಸರುಗಳೇ ಕಮ್ಮಿ. "ಲೈನು ಮನೆ ಅಜ್ಜಿ", "ಹಸಿರು ಗೇಟು", "ಜೀಪು" ಅಂತ ಬರೆದು ಮುಂದೆ ಅಕ್ಕಿ, ಎಣ್ಣೆಯ ಲೆಕ್ಕ. ಮಳೆ ಜೋರಾದರೆ ಕಾಫಿ ತೋಟದಲ್ಲಿ ಕೆಲಸ ನಿಲ್ಲುತ್ತದೆ, ವಾರದ ಬಟವಾಡೆ ಇಲ್ಲ. "ಈಗ ಬರೆಯೋದು ಸಾರ್, ಹಣ್ಣು ಕೊಯ್ಲು ಶುರುವಾದ ಮೇಲೆ ಹೊಡೆದು ಹಾಕೋದು" ಅಂದರು ಶೆಟ್ಟರು.

ನಮ್ಮ ಹತ್ತಿರ ಸಾವಿರಾರು ಫೋನ್ ನಂಬರ್ ಇವೆ. ಬಿಲ್ ಮಾಡುವಾಗ ಕೇಳಿ, ಪಾಯಿಂಟ್ ಕೊಡುತ್ತೇವೆ. ಯಾರು ಯಾವ ಸೋಪು ತಗೊಂಡರು ಅಂತ ಕಂಪ್ಯೂಟರಿಗೆ ಗೊತ್ತು. ಈ ವಾರ ಯಾರ ಮನೆಯಲ್ಲಿ ಕೂಲಿ ಬಂದಿಲ್ಲ ಅಂತ ಗೊತ್ತಿಲ್ಲ. ಇಷ್ಟು ದಿನ ಆ ನಂಬರು, ಸೋಪಿನ ಲೆಕ್ಕವನ್ನೇ ನಾವು ಪರಿಚಯ ಅಂದುಕೊಂಡಿದ್ದೆವು.

ಹಾಗಂತ ನಮ್ಮದನ್ನು ಸುಮ್ನೆ ಹೀಗಳೆಯುತ್ತಿಲ್ಲ. ನಮ್ಮಲ್ಲಿ ಬೆಲೆ ಎಲ್ಲರಿಗೂ ಒಂದೇ. ಕೆಲಸದ ಹುಡುಗಿಯರಿಗೆ ಪಿ.ಎಫ್. ಇದೆ. ಸಾಲದ ಪುಸ್ತಕಕ್ಕೆ ಸಿಕ್ಕಿಕೊಂಡವರು ಬೇರೆ ಅಂಗಡಿಗೆ ಹೋಗೋಕೆ ಹಿಂಜರಿಯುತ್ತಾರೆ, ಅದೂ ನಿಜ ಅಲ್ವಾ? ಆದರೆ ಶೆಟ್ಟರು ಕೂತ ಜಾಗದಲ್ಲೇ "ತಗೊಂಡು ಹೋಗಮ್ಮ" ಅನ್ನಬಲ್ಲರು. ನಾನು ಬೆಂಗಳೂರನ್ನು ಕೇಳಬೇಕು. ಅಂಗಡಿಯಲ್ಲಿ ನಿಂತವರ ಕೈಯಲ್ಲಿ ಅಷ್ಟಾದರೂ ಅಧಿಕಾರ ಇಲ್ಲದಿದ್ದರೆ ನಾವು ಊರಿನವರಾಗೋದು ಹೇಗೆ?

ಹೆಡ್ ಆಫೀಸಿಗೆ ಪದೇ ಪದೇ ಬರೆದೆ. ಕೊನೆಗೂ ಕೈಬರಹದ ಬಿಲ್ ಪುಸ್ತಕ ಬಂತು. ಮಳೆಗಾಲದ ಸಾಮಾನಿನ ಪಟ್ಟಿಯನ್ನು ಇಲ್ಲೇ ಮಾಡಲು ಒಪ್ಪಿದರು. ಮೊದಲೆಲ್ಲ ಟಾರ್ಪಾಲು ಜುಲೈ ಕೊನೆಗೆ ಬರುತ್ತಿತ್ತು. ನಮ್ಮಲ್ಲಿ ಮೃಗಶಿರಕ್ಕೇ, ಅಂದರೆ ಜೂನ್ ಮೊದಲಲ್ಲೇ ಬೇಕು.

ಪಟ್ಟಿ ಮಾಡುವ ಮೊದಲು ಶೆಟ್ಟರ ಹತ್ತಿರ ಹೋಗಿ ಕೂತೆ. "ಟಾರ್ಪಾಲು ನೀವು ತರಿಸಿ, ನನಗೆ ಇಡೋಕೆ ಜಾಗ ಇಲ್ಲ. ಮೇಣದಬತ್ತಿ ನನಗೆ ಬಿಡಿ" ಅಂದರು.

ಜೂನ್ ಬಂದರೆ ಈಗಲೂ ಮೇಣದಬತ್ತಿ ಕೇಳಿದವರನ್ನು ನಾವು ಎದುರಂಗಡಿಗೇ ಕಳಿಸುತ್ತೇವೆ.