ಕೊಜುಮೆಲ್‌ನಲ್ಲಿ ಹಡಗು ನಿಲ್ಲುವ ಎಂಟು ಗಂಟೆ: ಸ್ನಾರ್ಕೆಲಿಂಗ್ ಲೆಕ್ಕಾಚಾರ

ಮಯಾಮಿಯಿಂದಲೋ ಗ್ಯಾಲ್ವೆಸ್ಟನ್‌ನಿಂದಲೋ ಹೊರಡುವ ಕೆರಿಬಿಯನ್ ಕ್ರೂಸ್‌ಗಳಲ್ಲಿ ಬಹಳಷ್ಟು ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಒಂದು ಹಗಲು ನಿಲ್ಲುತ್ತವೆ. ಟಿಕೆಟ್ ಮೇಲೆ ‘ಬೆಳಿಗ್ಗೆ 8ರಿಂದ ಸಂಜೆ 4’ ಎಂದಿರುತ್ತದೆ. ಎಂಟು ಗಂಟೆ ಕೈಯಲ್ಲಿದೆ ಎಂದುಕೊಂಡರೆ ಅಲ್ಲೇ ಎಡವಿದಂತೆ. ಸ್ನಾರ್ಕೆಲಿಂಗ್‌ಗೆಂದು, ಅಂದರೆ ಮಾಸ್ಕ್ ಮತ್ತು ಉಸಿರಿನ ಕೊಳವೆ ಹಾಕಿ ನೀರಿನ ಮೇಲೆ ಬೋರಲು ತೇಲುತ್ತ ಹವಳ, ಮೀನು ನೋಡುವುದಕ್ಕೆ, ಸಿಗುವುದು ಸುಮಾರು ನಾಲ್ಕು ಗಂಟೆ. ಅದನ್ನು ಹಿಂದಿನಿಂದ ಮುಂದಕ್ಕೆ ಎಣಿಸಬೇಕು, ಅಂದರೆ ಹಡಗು ಹತ್ತುವ ಹೊತ್ತಿನಿಂದ ಶುರುಮಾಡಿ.

ಮೊದಲು ಗಡಿಯಾರದ ವಿಷಯ, ಏಕೆಂದರೆ ಹೆಚ್ಚು ಜನ ಕೆಡುವುದು ಇಲ್ಲಿ. ಕೊಜುಮೆಲ್ ಇರುವ ಕ್ವಿಂಟಾನಾ ರೂ ರಾಜ್ಯ 2015ರ ಫೆಬ್ರವರಿಯಿಂದ ವರ್ಷವಿಡೀ ಒಂದೇ ಸಮಯ ಇಟ್ಟುಕೊಂಡಿದೆ. ಅದು ನ್ಯೂಯಾರ್ಕಿನ ಚಳಿಗಾಲದ ಸಮಯ. ಫ್ಲೋರಿಡಾದಲ್ಲಿ ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಹಡಗು ಫ್ಲೋರಿಡಾ ಸಮಯವನ್ನೇ ಉಳಿಸಿಕೊಂಡರೆ, ದಡಕ್ಕಿಳಿದ ನಿಮ್ಮ ಫೋನು ಸ್ಥಳೀಯ ಟವರ್ ಹಿಡಿದು ಹಡಗಿಗಿಂತ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ.

ಜುಲೈ ತಿಂಗಳಲ್ಲಿ ಹೀಗೆ ಇಳಿದಿದ್ದೀರಿ ಎಂದುಕೊಳ್ಳಿ. ಹಡಗು ಹೊರಡುವುದು 4ಕ್ಕೆ, ಎಲ್ಲರೂ ಒಳಗಿರಬೇಕಾದ್ದು 3:30ಕ್ಕೆ. ಆನ್‌ಲೈನಿನಲ್ಲಿ ‘ಬೆಳಿಗ್ಗೆ 10ರಿಂದ 2’ ಎಂಬ ದೋಣಿ ಪ್ರವಾಸ ಬುಕ್ ಮಾಡುತ್ತೀರಿ. ವಾಪಸಾದ ಮೇಲೂ ಒಂದೂವರೆ ಗಂಟೆ ಉಳಿಯುತ್ತದಲ್ಲ ಎಂಬ ಧೈರ್ಯ. ಆದರೆ ಆ 10 ಮತ್ತು 2 ಕೊಜುಮೆಲ್ ಸಮಯ. ದೋಣಿ ದಡ ಮುಟ್ಟುವಾಗ ಹಡಗಿನಲ್ಲಿ 3 ಆಗಿರುತ್ತದೆ, ಉಳಿಯುವುದು ಅರ್ಧ ಗಂಟೆ. ಟ್ಯಾಕ್ಸಿ ಸಿಗಬೇಕು, ಉದ್ದನೆಯ ಪಿಯರ್ (ಹಡಗು ನಿಲ್ಲುವ ಕಟ್ಟೆ) ನಡೆಯಬೇಕು, ಸೆಕ್ಯೂರಿಟಿ ಸಾಲಿನಲ್ಲಿ ನಿಲ್ಲಬೇಕು. ಇದೇ ದಿನ ಸ್ಥಳೀಯ 8:30ರ ದೋಣಿ ಹಿಡಿದರೆ ಹಡಗಿನ ಸಮಯ 1:30ಕ್ಕೆ ದಡದಲ್ಲಿರುತ್ತೀರಿ, ಊಟಕ್ಕೂ ಪುರುಸೊತ್ತು.

ಗ್ಯಾಲ್ವೆಸ್ಟನ್ ಅಥವಾ ನ್ಯೂ ಆರ್ಲಿಯನ್ಸ್‌ನಿಂದ ಚಳಿಗಾಲದಲ್ಲಿ ಹೊರಟವರಿಗೆ ಇದೇ ತೊಂದರೆ ಉಲ್ಟಾ. ಆಗ ಅಲ್ಲಿಗಿಂತ ಕೊಜುಮೆಲ್ ಒಂದು ಗಂಟೆ ಮುಂದೆ. ಹಡಗಿನ 8 ಗಂಟೆಗೆ ಹಗ್ಗ ಕಟ್ಟುವಾಗ ದಡದಲ್ಲಿ 9. ಸ್ಥಳೀಯ 9ರ ದೋಣಿ ಬುಕ್ ಮಾಡಿದ್ದರೆ ಅದು ನಿಮ್ಮ ಕಣ್ಣೆದುರೇ ಹೋಗುತ್ತದೆ. ಕೆಲವು ಹಡಗುಗಳು ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ತಿರುಗಿಸುವುದೂ ಉಂಟು. ಹಿಂದಿನ ರಾತ್ರಿ ಹಡಗಿನ ಆ್ಯಪ್‌ನಲ್ಲಿ ನೋಡಿ, ಮುಳ್ಳಿನ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟು ಕಟ್ಟಿಕೊಳ್ಳಿ. ಬುಕ್ ಮಾಡುವಾಗ ‘ನಮ್ಮ ಹಡಗು ಇಂಥದ್ದು, ನಿಮ್ಮ ಸಮಯ ಯಾವ ಗಡಿಯಾರದ್ದು?’ ಎಂದು ಬರೆದು ಕೇಳಿ.

ಇನ್ನು ಕಳೆಯಬೇಕಾದ ನಿಮಿಷಗಳು. ಹಡಗು ನಿಂತ ಮೇಲೆ ಅಧಿಕಾರಿಗಳ ಅನುಮತಿ ಸಿಕ್ಕಿ ಬಾಗಿಲು ತೆರೆಯಲು 15ರಿಂದ 30 ನಿಮಿಷ. ಪಿಯರ್ ದಾಟಿ, ಅಂಗಡಿಗಳ ಜಂಗುಳಿಯಿಂದ ಹೊರಬಂದು ಟ್ಯಾಕ್ಸಿ ಹತ್ತಲು ಇನ್ನು 20. ಕೊನೆಯಲ್ಲಿ ಒಂದು ಗಂಟೆಯನ್ನು ಮುಟ್ಟದೆ ಇಡಿ. ಅದು ಕೆಟ್ಟ ಎಂಜಿನ್‌ಗೆ, ಪಂಕ್ಚರ್‌ಗೆ ಮೀಸಲು. ಹಡಗಿನವರೇ ಮಾರುವ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಹೊರಗೆ ಬುಕ್ ಮಾಡಿದ್ದಕ್ಕೆ ಕಾಯುವುದಿಲ್ಲ. ಹೊರಗಿನದು ಅಗ್ಗ, ಗುಂಪೂ ಚಿಕ್ಕದು. ಗಂಟೆಯ ಲೆಕ್ಕ ಸರಿಯಿದ್ದರೆ ನನ್ನ ಮತ ಅದಕ್ಕೇ. ಒಂದು ಷರತ್ತು: ಹಡಗು ಬಂದರಿಗೆ ಬಾರದೇ ಹೋದರೆ ಪೂರ್ತಿ ಹಣ ವಾಪಸ್ ಎಂದು ಬರಹದಲ್ಲಿ ಇರಬೇಕು.

ಕೊಜುಮೆಲ್‌ನಲ್ಲಿ ಕ್ರೂಸ್ ಹಡಗುಗಳು ನಿಲ್ಲುವುದು ಮೂರು ಕಡೆ. ಪುಂಟಾ ಲಾಂಗೋಸ್ಟಾ ಸಾನ್ ಮಿಗೆಲ್ ಊರಿನ ಮಧ್ಯದಲ್ಲೇ ಇದೆ. ಇಂಟರ್‌ನ್ಯಾಷನಲ್ ಪಿಯರ್ ಮತ್ತು ಪುಯೆರ್ತಾ ಮಾಯಾ ಅಕ್ಕಪಕ್ಕ, ಊರಿನ ದಕ್ಷಿಣಕ್ಕೆ. ಒಳ್ಳೆಯ ಹವಳದ ದಿಬ್ಬಗಳೆಲ್ಲ ಇನ್ನೂ ದಕ್ಷಿಣದಲ್ಲಿ ಇರುವುದರಿಂದ ಈ ಎರಡರಲ್ಲಿ ನಿಂತರೆ ಪುಣ್ಯ. ಟ್ಯಾಕ್ಸಿಗೆ ಮೀಟರ್ ಇಲ್ಲ, ದರ ಜಾಗದ ಮೇಲೆ. ಪಿಯರ್ ಹೊರಗಿನ ದರಪಟ್ಟಿ ನೋಡಿ, ಹತ್ತುವ ಮುನ್ನ ಒಮ್ಮೆ ಬಾಯಿಬಿಟ್ಟು ಖಚಿತಪಡಿಸಿಕೊಳ್ಳಿ. ಚಿಲ್ಲರೆ ಡಾಲರ್ ನೋಟುಗಳಿರಲಿ.

ಎಲ್ಲಿ ಇಳಿಯುವುದು? ಈಜು ಬಾರದವರು, ಮಕ್ಕಳು ಇದ್ದರೆ ದಡದಿಂದಲೇ ಇಳಿಯುವ ಜಾಗ ಒಳ್ಳೆಯದು. ಜುಲ್-ಹಾದಲ್ಲಿ ಮೆಟ್ಟಿಲಿಳಿದರೆ ಸಾಕು, ಮೀನು ಕಾಲ ಬುಡದಲ್ಲೇ. ದಡವೆಲ್ಲ ಚೂಪು ಸುಣ್ಣಕಲ್ಲು, ರಬ್ಬರ್ ಅಡಿಯ ನೀರು ಚಪ್ಪಲಿ ಬೇಕು. ಚಾಂಕನಾಬ್ ಪಾರ್ಕಿನಲ್ಲಿ ಸ್ನಾನ, ಲಾಕರ್ ಎಲ್ಲ ಅನುಕೂಲ ಇದೆ, ಆದರೆ ಭಾನುವಾರ ಸಾಮಾನ್ಯವಾಗಿ ರಜೆ.

ಜಾಹೀರಾತಿನಲ್ಲಿ ಎಲ್ಲೆಲ್ಲೂ ಕಾಣುವ ಎಲ್ ಸಿಯೆಲೋ ಹವಳದ ಜಾಗವೇ ಅಲ್ಲ. ತಿಳಿನೀರಿನಡಿ ಬಿಳಿ ಮರಳು, ಅದರ ಮೇಲೆ ನಕ್ಷತ್ರ ಮೀನು, ಅಷ್ಟೇ. ಫೋಟೋಗೆ ಚಂದ. ನಕ್ಷತ್ರ ಮೀನನ್ನು ನೀರಿನಿಂದ ಎತ್ತಿ ಹಿಡಿದು ಫೋಟೋ ತೆಗೆಸುವವನ ದೋಣಿ ಬೇಡ, ಅದು ಪ್ರಾಣಿಯನ್ನು ಕೊಲ್ಲುವ ಕೆಲಸ. ಪಲಾಂಕಾರ್ ಹೆಸರುವಾಸಿ, ಆದರೆ ಅದು ಮುಖ್ಯವಾಗಿ ಡೈವರ್‌ಗಳ ದಿಬ್ಬ. ಮೇಲೆ ತೇಲುವವರಿಗೆ ಬಹುಪಾಲು ಕೆಳಗೆಲ್ಲೋ ಉಳಿಯುತ್ತದೆ. ಒಂದೇ ಆರಿಸಬೇಕೆಂದರೆ ಇಲ್ಲಿನ ಕೊಲಂಬಿಯಾ ಎಂಬ ದಿಬ್ಬದ ಆಳವಿಲ್ಲದ ಭಾಗ.

ಈ ದಿಬ್ಬಗಳು 1996ರಲ್ಲಿ ರಾಷ್ಟ್ರೀಯ ಉದ್ಯಾನವಾದವು. 2019ರ ಅಕ್ಟೋಬರ್‌ನಲ್ಲಿ ಹವಳಕ್ಕೆ ರೋಗ ಬಿದ್ದಾಗ ಈ ಮೂರೂ ಜಾಗಗಳನ್ನು ಕೆಲವು ವಾರ ಮುಚ್ಚಿದ್ದರು. ಉದ್ಯಾನದ ಶುಲ್ಕ ಪ್ರವಾಸದ ದರದಲ್ಲಿ ಸೇರಿದೆಯೇ, ಹೋಗುವ ದಿನ ಜಾಗ ತೆರೆದಿದೆಯೇ ಎಂದು ಕೇಳಿಕೊಳ್ಳಿ. ಸನ್‌ಸ್ಕ್ರೀನ್ ಬಳಿದುಕೊಂಡು ಇಳಿಯಲು ಬಿಡುವುದಿಲ್ಲ. ಅದಕ್ಕೆ ಉದ್ದ ತೋಳಿನ ಈಜು ಅಂಗಿ, ಮೀನಖಂಡ ಮುಚ್ಚುವ ಲೆಗ್ಗಿಂಗ್ಸ್. ಬೋರಲು ತೇಲುವಾಗ ಬೇಯುವುದು ಕತ್ತಿನ ಹಿಂಭಾಗ ಮತ್ತು ಮೀನಖಂಡ.

ನೇತ್ರಾಣಿಯಲ್ಲಿ ಸ್ನಾರ್ಕೆಲ್ ಮಾಡಿದವರಿಗೆ ನಿಂತ ದೋಣಿಯ ಸುತ್ತಲೇ ತೇಲುವ ಅಭ್ಯಾಸ. ಇಲ್ಲಿ ಹಾಗಲ್ಲ. ದ್ವೀಪದ ಪಶ್ಚಿಮ ದಡದಲ್ಲಿ ನೀರಿನ ಸೆಳೆತ ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ. ದೋಣಿ ನಿಮ್ಮನ್ನು ದಕ್ಷಿಣದಲ್ಲಿ ಇಳಿಸುತ್ತದೆ, ನೀವು ಸುಮ್ಮನೆ ತೇಲಿಕೊಂಡು ಹೋಗುತ್ತೀರಿ, ದೋಣಿ ಬಂದು ಉತ್ತರದಲ್ಲಿ ಎತ್ತಿಕೊಳ್ಳುತ್ತದೆ. ಎದುರು ಈಜಲು ಹೋದರೆ ಐದು ನಿಮಿಷಕ್ಕೆ ಸುಸ್ತು. ದಡದಿಂದ ಇಳಿದಿದ್ದರೆ ಮೊದಲು ದಡದ ಒಂದು ಮರವನ್ನು ಗುರುತಿಟ್ಟುಕೊಂಡು, ಕೈಕಾಲು ಆಡಿಸದೆ ಒಂದು ನಿಮಿಷ ತೇಲಿ. ಮರ ಇಪ್ಪತ್ತು ಮೀಟರ್ ಹಿಂದೆ ಸರಿದಿದ್ದರೆ ಅಲ್ಲಿಂದ ಎದ್ದು ಬನ್ನಿ. ಸೆಳೆತ ಸಣ್ಣದಿದ್ದರೆ ಮೊದಲರ್ಧ ಎದುರು, ದಣಿದ ಮೇಲಿನರ್ಧ ಅದರ ಜೊತೆಗೆ.

ಚಳಿಗಾಲದಲ್ಲಿ ‘ನೋರ್ತೆ’ ಎಂಬ ಉತ್ತರದ ಗಾಳಿ ಬೀಸುತ್ತದೆ. ಆಗ ಬಂದರಿನ ಅಧಿಕಾರಿ ಸಣ್ಣ ದೋಣಿಗಳನ್ನು ನಿಲ್ಲಿಸಿಬಿಡುತ್ತಾನೆ. ಬಿಸಿಲು ಚೆನ್ನಾಗಿದೆಯಲ್ಲ ಎಂದು ವಾದ ಮಾಡಿ ಫಲವಿಲ್ಲ.

ಮಾಸ್ಕ್ ಮಾತ್ರ ನಿಮ್ಮದೇ ಇರಲಿ. ಕಾಲಿಗೆ ಹಾಕುವ ಫಿನ್ಸ್, ಲೈಫ್ ಜಾಕೆಟ್ ಬಾಡಿಗೆಯದು ನಡೆಯುತ್ತದೆ. ಅಂಗಡಿಯಲ್ಲಿ ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಕಚ್ಚಿಕೊಂಡಿದ್ದರೆ ಅಳತೆ ಸರಿ. ಮೀಸೆಯವರಿಗೆ ಮೂಗಿನ ಕೆಳಗೆ ಸೋರುತ್ತದೆ, ಕೂದಲಿನ ಸಂದಿಯಿಂದ. ಮೂಗಿಗೆ ತಾಗಿದ ಅರ್ಧ ಬೆರಳಗಲ ಬೋಳಿಸಿ, ಇಲ್ಲವೇ ಅಲ್ಲಿಗೆ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್ ಬೇಡ, ಮಾಸ್ಕಿನ ರಬ್ಬರ್ ಹಾಳಾಗುತ್ತದೆ. ಸೋರುತ್ತದೆಂದು ಪಟ್ಟಿ ಬಿಗಿದಷ್ಟೂ ಅಂಚು ಮಡಚಿ ಇನ್ನಷ್ಟು ಸೋರುತ್ತದೆ. ಕನ್ನಡಕದವರಿಗೆ ಮೈನಸ್ ಪವರ್ ಗಾಜಿನ ಮಾಸ್ಕ್ ಸಿದ್ಧವಾಗಿಯೇ ಸಿಗುತ್ತದೆ.

ಹೊಸ ಮಾಸ್ಕ್ ಮಂಜುಗಟ್ಟುವುದಕ್ಕೆ ಕಾರಣ ತಯಾರಿಕೆಯಲ್ಲಿ ಗಾಜಿನ ಒಳಮೈಗೆ ಅಂಟಿದ ಸಿಲಿಕೋನ್ ಪೊರೆ. ಮನೆಯಲ್ಲೇ ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಿನಿಂದ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಜೆಲ್ ಪೇಸ್ಟ್ ಬೇಡ. ನೀರಿಗಿಳಿಯುವ ಮುನ್ನ ನೀರು ಬೆರೆಸಿದ ಬೇಬಿ ಶಾಂಪೂ ಒಂದು ಹನಿ ಸವರಿ ಒಂದೇ ಸಲ ಜಾಲಾಡಿ. ಆಮೇಲೆ ಮಾಸ್ಕನ್ನು ಹಣೆಗೇರಿಸಬೇಡಿ; ಹಣೆಯ ಬಿಸಿಗೆ ಮತ್ತೆ ಮಂಜು. ಮೂಗಿನಿಂದ ಉಸಿರು ಬಿಟ್ಟರೂ ಅದೇ ಕತೆ.

ಪೂರ್ತಿ ಮುಖ ಮುಚ್ಚುವ ಮಾಸ್ಕ್ ಸುಲಭ ಅನ್ನಿಸುತ್ತದೆ. ಆದರೆ ನೀರು ನುಗ್ಗಿದರೆ ಒಂದು ಕೈಯಲ್ಲಿ ಕೀಳಲಾಗದು, ಬಿಟ್ಟ ಉಸಿರೂ ಒಳಗೇ ಉಳಿಯಬಹುದು. ನಾನು ಶಿಫಾರಸು ಮಾಡುವುದಿಲ್ಲ. ಸಾದಾ ಕೊಳವೆಯಲ್ಲಿ ನಿಧಾನ, ಆಳವಾದ ಉಸಿರು ಸಾಕು. ಚಿಕ್ಕ ಚಿಕ್ಕ ಉಸಿರೆಳೆದರೆ ಕೊಳವೆಯೊಳಗಿನ ಹಳಸು ಗಾಳಿಯೇ ಮತ್ತೆ ಒಳಗೆ ಹೋಗಿ ಗಾಬರಿಯಾಗುತ್ತದೆ. ಕಾಲನ್ನು ಸೈಕಲ್ ತುಳಿದಂತೆ ಆಡಿಸದೆ ಸೊಂಟದಿಂದ ಬೀಸಿ. ಮೀನಖಂಡ ಹಿಡಿದುಕೊಂಡರೆ ಫಿನ್ ತುದಿಯನ್ನು ಮೈಕಡೆಗೆ ಎಳೆಯಿರಿ.

ಅಮೆರಿಕದ ಚಾಲ್ತಿ ವೀಸಾ ಅಥವಾ ಗ್ರೀನ್ ಕಾರ್ಡ್ ಇರುವ ಭಾರತೀಯರಿಗೆ ಮೆಕ್ಸಿಕೋ ವೀಸಾ ಬೇಡ. ದಡಕ್ಕೆ ಹಡಗಿನ ಕಾರ್ಡು ಮತ್ತು ಒಂದು ಫೋಟೋ ಗುರುತಿನ ಚೀಟಿ, ಎರಡೂ ನೀರು ಹೋಗದ ಚೀಲದಲ್ಲಿ. ವಾಂತಿ ಬರುವವರು ಮಾತ್ರೆಯನ್ನು ದೋಣಿ ಹತ್ತುವುದಕ್ಕೆ ಒಂದು ಗಂಟೆ ಮೊದಲೇ ನುಂಗಿ, ಹಡಗಿನ ಬಫೆಯಲ್ಲಿ ಕೈ ಬಿಗಿಹಿಡಿಯಿರಿ.

ಸಂಜೆ ಮಾಸ್ಕನ್ನು ಸಿಹಿನೀರಲ್ಲಿ ತೊಳೆದು ಕ್ಯಾಬಿನ್ ಬಚ್ಚಲಲ್ಲಿ ನೇತುಹಾಕಿ. ಷವರ್ ಗೋಡೆಯಲ್ಲಿ ಎಳೆದರೆ ಬರುವ ಬಟ್ಟೆ ಹಗ್ಗ ಬಹಳಷ್ಟು ಹಡಗುಗಳಲ್ಲಿರುತ್ತದೆ. ಹಲವು ಕ್ರೂಸ್‌ಗಳಲ್ಲಿ ಹಿಂದೆಯೋ ಮುಂದೆಯೋ ಗ್ರ್ಯಾಂಡ್ ಕೇಮನ್ ಕೂಡ ಇರುತ್ತದೆ. ಅಲ್ಲಿ ಹಡಗು ಪಿಯರ್‌ಗೆ ತಾಗದೆ ಸಮುದ್ರದಲ್ಲೇ ಲಂಗರು ಹಾಕುತ್ತದೆ, ಜನರನ್ನು ಸಣ್ಣ ಟೆಂಡರ್ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ಕೊನೆಯ ಟೆಂಡರ್ ಎಷ್ಟಕ್ಕೆ ಎಂಬುದೇ ಅಲ್ಲಿ ನಿಮ್ಮ ಗಡುವು, ಲೆಕ್ಕ ಅಲ್ಲಿಂದ ಶುರುಮಾಡಿ ಇನ್ನೂ ಒಂದು ಗಂಟೆ ಕಳೆಯಿರಿ.