ಮಾರ್ಕೋನಹಳ್ಳಿ ನೀರಿಗೆ ಹೋದ ಮುಚ್ಚಳ

ಮೂರು ದಿನದ ತಿರುಗಾಟದಲ್ಲಿ ಸಿದ್ಧಗಂಗೆ, ದೇವರಾಯನದುರ್ಗ, ಎಡೆಯೂರು ಎಲ್ಲ ಆಯಿತು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಚೆನ್ನಾಗಿತ್ತು, ಆದರೆ ಅದರ ಮೇಲೆ ಬೆಣ್ಣೆ ಸುರಿಸಿಕೊಂಡು ತಿನ್ನುವವರನ್ನು ಕಂಡರೆ ನನಗಾಗದು. ಇಡ್ಲಿಗೆ ಚಟ್ನಿ ಸಾಕು. ನಾನು ಬರೆಯಲು ಕೂತದ್ದು ಮಾರ್ಕೋನಹಳ್ಳಿಯ ಒಂದು ಮಧ್ಯಾಹ್ನದ ಬಗ್ಗೆ.

ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ವಾರವೆಲ್ಲ ಕಂಪ್ಯೂಟರು, ಶನಿವಾರ ಬಂತೆಂದರೆ ಗೆಳೆಯರ ಜೊತೆ ಕೆರೆ. ಅಲ್ಲಿ ಅವನಿಗೆ ಹಿಡಿದಿರುವ ಹುಚ್ಚು ವೇಕ್‌ಸರ್ಫಿಂಗ್. ಮೋಟಾರ್ ಬೋಟು ಗಂಟೆಗೆ ಹದಿನಾರೋ ಹದಿನೆಂಟೋ ಕಿಲೋಮೀಟರಿನಲ್ಲಿ ಹೋಗುತ್ತಿರುತ್ತದೆ, ಅದರ ಹಿಂದೆ ಏಳುವ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವುದು. ಮೊದಲು ಹಗ್ಗ ಹಿಡಿದು ಏಳಬೇಕು, ಆಮೇಲೆ ಹಗ್ಗ ಬಿಟ್ಟರೂ ಅಲೆಯೇ ತಳ್ಳಿಕೊಂಡು ಹೋಗುತ್ತದಂತೆ. ಊರಿಗೆ ಬಂದು ನಾಲ್ಕು ದಿನ ಇದೇ ಪುರಾಣ.

ಎಡೆಯೂರಲ್ಲಿ ದರ್ಶನ ಮುಗಿಸಿ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷೆಗೆ ಕಟ್ಟಿದ ಅಣೆಕಟ್ಟೆ ಇದು. ಇದರ ವಿಶೇಷವೆಂದರೆ ತಾನಾಗಿಯೇ ಹರಿಯುವ ಸೈಫನ್, ಅಂದರೆ ಕಟ್ಟೆಯಲ್ಲಿರುವ ಬಾಗಿದ ಕೊಳವೆಯಂಥ ದಾರಿ. ನೀರು ತನ್ನ ಮಟ್ಟ ಮುಟ್ಟಿತೆಂದರೆ ಒಳಗಿನ ಗಾಳಿಯನ್ನು ನೀರೇ ಎಳೆದುಕೊಂಡು ಹೋಗುತ್ತದೆ, ಯಾರೂ ಗೇಟು ಎತ್ತಬೇಕಿಲ್ಲ, ಧಡಕ್ಕನೆ ನುಗ್ಗಿಬಿಡುತ್ತದೆ. ಹಾಗಾಗಿ ಕೆರೆ ತುಂಬಿರುವಾಗ ಕಟ್ಟೆಯ ಕೆಳಗೆ ನೀರಿಗಿಳಿದು ಫೋಟೊ ತೆಗೆಸಿಕೊಳ್ಳುವ ಚಪಲ ಬೇಡ.

ಮೇಲ್ಗಡೆ ದಡದಲ್ಲಿ ಒಬ್ಬ ಮುದುಕರು ತೆಪ್ಪ ಬೋರಲು ಹಾಕಿಕೊಂಡು ಬಲೆಯ ಹರಕು ಹೊಲಿಯುತ್ತಿದ್ದರು. ಒಂದು ಸುತ್ತು ಕೂರಿಸಿ ಎಂದು ನಮ್ಮ ಹುಡುಗ ದುಂಬಾಲು ಬಿದ್ದ. ಲೈಫ್ ಜಾಕೆಟ್ ಇಲ್ಲವೆಂದು ಗೊಣಗಿದವನೂ ಅವನೇ. ಕೊನೆಗೆ ಸೊಂಟದುದ್ದ ನೀರು ದಾಟಬಾರದು ಎಂಬ ಕರಾರಿನ ಮೇಲೆ ಹತ್ತಿದೆವು. ಅಕ್ಕ ಬರಲಿಲ್ಲ. ಊಟದ ಡಬ್ಬಿ ಮಾತ್ರ ಮಗನ ಕೈಗೆ ಕೊಟ್ಟು ಹುಣಸೆ ಮರದ ಕೆಳಗೆ ಕೂತಳು.

ಮುದುಕರು ನನ್ನನ್ನು ಕೆಳಗಿಂದ ಮೇಲಕ್ಕೆ ಒಮ್ಮೆ ನೋಡಿದರು. ನಾನು 92 ಕಿಲೊ. "ಸಾಮಿ, ನೀವು ಈ ಕಡೆ ಕುಂತ್ಕಳಿ. ನೀವು ಆ ಕಡೆ, ಅಂಚಿಗೆ ಆನ್ಕಬ್ಯಾಡಿ. ಡಬ್ಬಿ ನಿಮ್ ತೊಡೆ ಮ್ಯಾಲಿರ್ಲಿ." ತಾವು ಮುಂದೆ ಮಂಡಿಯೂರಿ ಹುಟ್ಟು ಹಾಕಿದರು. ನಾಲ್ಕು ಬೆರಳು ಆಚೆ ಸರಿದರೂ ಸಾಕು, "ಅಲ್ಲೇ, ಅಲ್ಲೇ" ಎನ್ನುತ್ತಿದ್ದರು, ತಿರುಗಿಯೂ ನೋಡದೆ.

"ಮಾಮ, ಇದೇ ಬ್ಯಾಲಾಸ್ಟ್!" ಎಂದ ಹುಡುಗ. ಬೋಟಿಗೆ ಬೇಕೆಂದೇ ಹೇರುವ ಭಾರಕ್ಕೆ ಆ ಹೆಸರು. ಮುದುಕರಿಗೂ ಕೇಳಿಸಿತು. ಅಲ್ಲಿಂದ ತೆಪ್ಪ ಹೆಚ್ಚು ದೂರ ಹೋಗಲಿಲ್ಲ.

"ನಾವು ಬೋಟಿನ ಹಿಂದಿನ ಎರಡು ಮೂಲೇಲೂ ನೀರಿನ ಚೀಲ ಇಡ್ತೀವಿ ಯಜಮಾನ್ರೇ. ಒಂದೊಂದರಲ್ಲಿ ಮುನ್ನೂರು ಲೀಟರಿಗೂ ಮೇಲೆ, ಪಂಪಲ್ಲಿ ತುಂಬೋದು."

"ಇರೋ ನೀರ್ ಮ್ಯಾಲೆ ಇನ್ನೂ ನೀರು ಹೊರಿಸ್ತೀರಾ? ಮುಳುಗಿಸಕ್ಕಾ?"

"ಮುಳುಗಿಸಲ್ಲ, ತಗ್ಗಿಸ್ತೀವಿ. ಬೋಟು ಎಷ್ಟು ಕೆಳಕ್ಕೆ ಕೂತು ನೀರು ತಳ್ಳುತ್ತೋ ಅಷ್ಟು ದೊಡ್ಡ ಅಲೆ. ಹಿಂದೆ ಭಾರ ಹಾಕಿದ್ರೆ ಅಲೆ ಎತ್ತರ, ಮುಂದೆ ಒಂದಿಷ್ಟು ಹಾಕಿದ್ರೆ ಉದ್ದ."

ಎಡಗಾಲು ಮುಂದಿಟ್ಟು ನಿಲ್ಲುವವರಿಗೆ ಬೋಟಿನ ಎಡಗಡೆಯ ಅಲೆ ಬೇಕು. ಮೊದಲೆಲ್ಲ ಎಡ ಮೂಲೆಗೇ ಹೆಚ್ಚು ಭಾರ ತುಂಬಿ ಬೋಟನ್ನು ವಾಲಿಸುತ್ತಿದ್ದರಂತೆ. ಈಗ ವೇಕ್ ಶೇಪರ್ ಎಂಬ ಹಲಗೆ ಬಂದಿದೆ. ಅದನ್ನು ಬಲಗಡೆ, ಹಿಂಬದಿಗೆ ಹತ್ತಿರ, ನೀರಿನ ಮಟ್ಟದ ಕೆಳಗೆ ರಬ್ಬರ್ ಬಟ್ಟಲುಗಳಿಂದ ಅಂಟಿಸುತ್ತಾರೆ. ಬಲಗಡೆಯ ನೀರು ಅದಕ್ಕೆ ಬಡಿದು ಹೊರಕ್ಕೆ ಸರಿಯುತ್ತದೆ, ಎರಡು ಕಡೆಯ ನೀರು ಬೋಟಿನ ಹಿಂದೆ ಕೂಡುವುದು ತಡವಾಗುತ್ತದೆ, ಎಡಗಡೆಯ ಅಲೆ ಕಲಕದೆ ನಿಲ್ಲುತ್ತದೆ. ಭಾರವನ್ನು ಎರಡೂ ಕಡೆ ಸಮವಾಗಿಟ್ಟರೂ ನಡೆಯುತ್ತದೆ. ಅಂಟಿಸುವ ಜಾಗದಲ್ಲಿ ಪಾಚಿ, ಜಿಡ್ಡು ಇರಬಾರದು. ಕಿತ್ತು ಬಂದರೆ ಕಳೆದುಹೋಗದಂತೆ ಬೋಟಿಗೆ ದಾರ ಕಟ್ಟಿರಲೇಬೇಕು. ಪ್ರೊಪೆಲ್ಲರ್ ಹಿಂದಕ್ಕೆ ಚಾಚಿಕೊಂಡಿರುವ ಬೋಟಿನಲ್ಲಿ ಈ ಆಟ ಆಡುವಂತೆಯೇ ಇಲ್ಲ, ಬಿದ್ದವನ ಕಾಲು ಹೋದೀತು.

ಮುದುಕರು ಹುಟ್ಟು ಮಡಿಲಲ್ಲಿಟ್ಟುಕೊಂಡು ಕೇಳಿದರು. ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು.

"ಅಷ್ಟು ಅಲೆ ಎದ್ರೆ ದಡದ ಮಣ್ಣು ನಿಲ್ತದಾ?"

ಹುಡುಗ ತಲೆ ಕೆರೆದುಕೊಂಡ. "ಅದಕ್ಕೇ ದಡದಿಂದ ದೂರ ಓಡಿಸಬೇಕು. ಕೆರೆ ಪಕ್ಕದ ಮನೆಯವರು ಅಲ್ಲೂ ಜಗಳಕ್ಕೆ ಬರ್ತಾರೆ."

"ಬರ್ದೆ ಇರ್ತಾರಾ?"

ಶೇಪರ್ ವಿಷಯ ಮಾತ್ರ ಅವರಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದವರ ಹಾಗೆ ಕೂತರು. ಹುಡುಗ ತೋರಿಸಿಯೇ ತೀರುತ್ತೇನೆಂದು ಮೇಲಿನ ಡಬ್ಬಿಯ ಸ್ಟೀಲ್ ಮುಚ್ಚಳ ಬಿಚ್ಚಿದ. "ಸ್ವಲ್ಪ ಜೋರಾಗಿ ಹಾಕಿ." ಅವರು ಹಾಕಿದರು. ಇವನು ಮುಚ್ಚಳವನ್ನು ತೆಪ್ಪದ ಬಲ ಅಂಚಿಗೆ ಓರೆಯಾಗಿ ಒತ್ತಿ ನೀರಿಗಿಳಿಸಿದ.

ಬೋಟಿಗೆ ಮುಂದು ಹಿಂದು ಉಂಟು. ತೆಪ್ಪ ಗುಂಡಗಿದೆ. ಅಲೆಯೂ ಏಳಲಿಲ್ಲ, ಏನೂ ಇಲ್ಲ, ತೆಪ್ಪ ಬುಗುರಿಯ ಹಾಗೆ ಗಿರ್ರನೆ ತಿರುಗಿತು. ನಾನು ಹೆದರಿ ಅವನ ಕಡೆಗೇ ವಾಲಿದೆ. 92 ಕಿಲೊ. ಆ ಅಂಚು ನೀರು ಮುಟ್ಟಿ, ಚಿತ್ರಾನ್ನದ ಮೇಲೆ ಒಂದು ಬೊಗಸೆ ಶಿಂಷೆ ಬಂದು ಬಿತ್ತು. ಮುದುಕರು ಎದ್ದೇಳದೆ, ಕೂತಲ್ಲಿಯೇ ಮಂಡಿ ಎದುರು ಬದಿಗೆ ಜರುಗಿಸಿ ಮೈಭಾರ ಬಿಟ್ಟರು. ತೆಪ್ಪ ಮಟ್ಟಕ್ಕೆ ಬಂತು. ಅಷ್ಟೇ. ಆ ಮಂಡಿ ಒಂದು ಗೇಣು ಸರಿದದ್ದನ್ನು ನಾನಿನ್ನೂ ಮರೆತಿಲ್ಲ.

ಮುಚ್ಚಳ ಹೋಗಿತ್ತು. ದಾರ ಕಟ್ಟಬೇಕೆಂದು ಐದು ನಿಮಿಷದ ಹಿಂದೆ ನಮಗೆ ಪಾಠ ಹೇಳಿದವನು ಬರಿಗೈ ನೋಡಿಕೊಂಡು ಕೂತಿದ್ದ. ಸೊಂಟದುದ್ದ ನೀರಿಗೆ ಇಳಿದು ಕಾಲಲ್ಲಿ ತಡಕಿದ್ದೂ ಆಯಿತು. ಬರೀ ಕೆಸರು, ಒಂದು ಚಪ್ಪಲಿಯನ್ನೂ ನುಂಗಿತು. ಹೋಗುವವರು ಚಪ್ಪಲಿ ದಡದಲ್ಲೇ ಬಿಡಿ, ಊಟದ ಡಬ್ಬಿಯನ್ನಂತೂ ತೆಪ್ಪಕ್ಕೆ ತರಲೇಬೇಡಿ.

ದಡದಲ್ಲಿ ಅಕ್ಕ ಡಬ್ಬಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದಳು. ಮದುವೆಯಲ್ಲಿ ತವರಿನವರು ಕೊಟ್ಟ ಡಬ್ಬಿ.

"ಬ್ಯಾಸಿಗೇಲಿ ನೀರು ಇಳೀತದೆ ಕಣವ್ವ, ಸಿಕ್ರೆ ಎತ್ತಿಟ್ಟಿರ್ತೀನಿ" ಎಂದರು ಮುದುಕರು.

"ಯಾವ ಬೇಸಿಗೆ?" ಎಂದು ಕೇಳಿದಳು ಅಕ್ಕ.