ಹಳದಿ 14 ಮತ್ತು ಒಂದು ಬಟ್ಟಲು ಬಿಸಿನೀರು

ನಿನ್ನೆ ರಾತ್ರಿ ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ 109 ಎಫ್-4ರ ಪುಟ್ಟ ಮಾದರಿಗೆ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಚ್ಚಲು ಕೂತೆ. 1/72 ಅಳತೆ, ರೆಕ್ಕೆಯ ತುದಿಯಿಂದ ತುದಿಗೆ 14 ಸೆಂಟಿಮೀಟರ್ ಅಷ್ಟೇ. ಉತ್ತರ ಆಫ್ರಿಕಾದಲ್ಲಿ ಜರ್ಮನ್ ಪೈಲಟ್ ಹಾನ್ಸ್ ಯೋಆಖಿಮ್ ಮಾರ್ಸೇಯ್ ಹಾರಿಸಿದ್ದ ವಿಮಾನ: ಮರಳಿನ ಬಣ್ಣ, ಬಾಲದ ಕಡೆ ಬಿಳಿ ಪಟ್ಟಿ, ಪಕ್ಕದಲ್ಲಿ ಹಳದಿ 14. ಅವನು 1942ರ ಸೆಪ್ಟೆಂಬರ್ 30ರಂದು ಸತ್ತ. ಆಗ ವಯಸ್ಸು 22.

ಕಷ್ಟ ಕೊಟ್ಟಿದ್ದು ಬಾಲದ ಚುಕ್ಕಾಣಿ ಮೇಲಿನ ಗೆಲುವಿನ ಗೆರೆಗಳು, ಹೊಡೆದುರುಳಿಸಿದ ವಿಮಾನಗಳ ಲೆಕ್ಕ. ಉಗುರಿನಷ್ಟು ಜಾಗ, ಅದರಲ್ಲಿ ಕೂದಲೆಳೆಯಂಥ ಸಾಲುಗಳು! ಬಿಸಿನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ಕುಂಚದಿಂದ ಜಾರಿಸಿದೆ. ಎಡಗಡೆಯದು ಸರಿಯಾಗಿ ಕೂತಿತು. ಬಲಗಡೆಯದು ಸುರುಳಿ ಸುತ್ತಿಕೊಂಡಿತು. ಇಪ್ಪತ್ತು ನಿಮಿಷ ಬಿಡಿಸಿದೆ, ಬೈದುಕೊಂಡೇ.

ಹೊಳಪಿನ ವಾರ್ನಿಷ್ ಮೊದಲೇ ಬಳಿದಿದ್ದೆ. ಒರಟು ಬಣ್ಣದ ಮೇಲೆ ಹಚ್ಚಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಕಾಣುತ್ತೆ ಅಲ್ವಾ, ಹೋದ ಸಲ ಹಾಗೇ ಹಾಳಾಗಿತ್ತು.

ಬಾಲದ ನಾಜಿ ಸ್ವಸ್ತಿಕ ಡಿಕಾಲ್ ಹಾಳೆಯಲ್ಲಿ ಎರಡು ತುಂಡಾಗಿ ಅಚ್ಚಾಗಿತ್ತು. ನಾಜಿ ಚಿಹ್ನೆಗಳನ್ನು ನಿರ್ಬಂಧಿಸುವ ಜರ್ಮನಿಯ ಕಾನೂನಿನಿಂದಾಗಿ ತಯಾರಕರು ಹೀಗೆ ಮಾಡುತ್ತಾರೆ, ಕೆಲವರು ಹಾಕುವುದೇ ಇಲ್ಲ. ಅಮ್ಮ ನೋಡಿ, "ಇದೇನೋ, ನಮ್ಮ ಹೊಸಿಲಿನ ಸ್ವಸ್ತಿಕ ಓರೆಯಾಗಿದೆ?" ಎಂದರು. ಅದು ಬೇರೆ ಎಂದು ವಿವರಿಸುವಷ್ಟರಲ್ಲಿ ನೀರು ತಣ್ಣಗಾಗಿತ್ತು.